ಬೇಸ್‌ಮೆಂಟಿನ ಧೂಳಿನಿಂದ ಎತ್ತಿಕೊಂಡು ಬಂದ ಸೈಕಲ್: 53 ಸಾವಿರಕ್ಕೆ ನಾನು ಕಟ್ಟಿಕೊಂಡ ಮೌಂಟೇನ್ ಬೈಕ್

2023ರ ನವೆಂಬರಿನಲ್ಲಿ 14 ಸಾವಿರ ಕೊಟ್ಟು ಒಂದು ಹಳೇ 29 ಇಂಚಿನ ಚಕ್ರದ ಹಾರ್ಡ್‌ಟೇಲ್ (ಮುಂದೆ ಮಾತ್ರ ಶಾಕ್ ಇರುವ ಮೌಂಟೇನ್ ಬೈಕ್) ತಂದೆ. ನಮ್ಮ ಬೆಂಗಳೂರಿನ ಭಾನುವಾರದ ಸೈಕಲ್ ಗುಂಪಿನಲ್ಲಿ ಒಬ್ಬರೂ ಒಳ್ಳೆ ಮಾತಾಡಲಿಲ್ಲ. "ಇದಕ್ಕೆ ಸುರಿಯೋ ದುಡ್ಡಿಗೆ ಹೊಸದೇ ಬರುತ್ತಲ್ಲ ಸರ್" ಅಂದರು ಒಬ್ಬರು. ನನ್ನ ಬಾಮೈದ ಚಕ್ರ ಒಂದು ಸುತ್ತು ತಿರುಗಿಸಿ ನೋಡಿ, "ಭಾವ, ಇದು ಗುಜರಿಗೆ ಹೋಗೋ ಮಾಲು" ಅಂದ. ನಾನು ಯಾವಾಗಲೂ ಹೋಗುವ ಸೈಕಲ್ ಅಂಗಡಿಯವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೊಸ ಮಾಡೆಲಿನ ಕ್ಯಾಟಲಾಗ್ ತೆಗೆದು ನನ್ನ ಮುಂದೆ ಇಟ್ಟರು, ಅಷ್ಟೇ.

ಇವತ್ತು ಅದೇ ಸೈಕಲ್ ಏರ್ ಫೋರ್ಕು (ಮುಂದಿನ ಚಕ್ರ ಹಿಡಿಯುವ, ಗಾಳಿಯ ಮೇಲೆ ಕುಣಿಯುವ ಶಾಕು), ಒಂದು ಮುಂದೆ ಹತ್ತು ಹಿಂದೆ ಗೇರು, ಶಿಮಾನೋ ಹೈಡ್ರಾಲಿಕ್ ಬ್ರೇಕು, ಟ್ಯೂಬ್‌ಲೆಸ್ ಟಯರು ಹಾಕಿಕೊಂಡು ನಿಂತಿದೆ. ಒಟ್ಟು ಖರ್ಚು ಸುಮಾರು 53 ಸಾವಿರ. ಇದೇ ಮಟ್ಟದ ಹೊಸದನ್ನು ನಾನು ಅಂಗಡಿಗಳಲ್ಲಿ ವಿಚಾರಿಸಿದಾಗ 85ರಿಂದ 90 ಸಾವಿರ ಹೇಳಿದ್ದರು. ಗುಜರಿ ಅಂದಿದ್ದ ಬಾಮೈದ ಈಗ ತನಗೂ ಒಂದು ಹೀಗೇ ಮಾಡಿಕೊಡಿ ಅಂತ ಹಿಂದೆ ಬಿದ್ದಿದ್ದಾನೆ. ಗುಂಪಿನವರೂ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಬಿಲ್ಲುಗಳನ್ನೆಲ್ಲ ಇಟ್ಟುಕೊಂಡಿಲ್ಲ, ಲೆಕ್ಕ ನೆನಪಿನದು. ಐನೂರು ಸಾವಿರ ಆಚೆ ಈಚೆ ಇರಬಹುದು.

ಮೊದಲು ಕಳೆದುಕೊಂಡ ದುಡ್ಡಿನ ಕಥೆ ಹೇಳಬೇಕು. ಆ ಪಾಠ ಕಲಿಯದೇ ಇದ್ದಿದ್ದರೆ ಈ ಸೈಕಲ್ ಆಗುತ್ತಿರಲಿಲ್ಲ.

2019ರಲ್ಲಿ 18,500 ಕೊಟ್ಟು ಹೊಸ ಸೈಕಲ್ ತಗೊಂಡಿದ್ದೆ. 21 ಗೇರು, ಸ್ಪ್ರಿಂಗ್ ಫೋರ್ಕು, ನೋಡಲು ಭರ್ಜರಿ. ಹಿಂದಿನ ಚಕ್ರದ ನಡುವಿನ ಹಬ್ಬು ಮಾತ್ರ ಫ್ರೀವೀಲಿನದು, ಅಂದರೆ ಗೇರುಗಳ ಕಟ್ಟನ್ನು ತ್ರೆಡ್ಡಿನಲ್ಲಿ ತಿರುಗಿಸಿ ಹಾಕಿದ್ದು. ಕೊಳ್ಳುವಾಗ ಅದರ ಬಗ್ಗೆ ಕೇಳಲೂ ಇಲ್ಲ. ಆರು ತಿಂಗಳಲ್ಲಿ ತುರಹಳ್ಳಿ ಕಡೆಯ ಕಲ್ಲುಹಾದಿಯಲ್ಲಿ ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಬೆಂಡ್ ಆಯಿತು. ಬದಲಾಯಿಸಿದೆ. ಮತ್ತೆ ಬೆಂಡ್ ಆಯಿತು. ಮೂರನೆಯದು 2021ರಲ್ಲಿ ಎರಡು ತುಂಡಾಯಿತು. ಕನಕಪುರ ರಸ್ತೆಯಿಂದ ಪದ್ಮನಾಭನಗರದ ಮನೆ ತನಕ ತಳ್ಳಿಕೊಂಡು ಬಂದೆ. ಆಮೇಲೆ ಹಬ್ಬು ಬಿಚ್ಚಿ ಎದುರಿಗೆ ಇಟ್ಟುಕೊಂಡು ನೋಡಿದಾಗ ವಿಷಯ ಗೊತ್ತಾಯಿತು. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗು ಗೇರುಗಳಿಗಿಂತ ಒಳಗೆ ಕೂತಿರುತ್ತದೆ. ಅಲ್ಲಿಂದ ಫ್ರೇಮಿನ ತನಕ ಆಕ್ಸಲ್ಲಿಗೆ ಯಾವ ಆಸರೆಯೂ ಇಲ್ಲ. ಗೇರುಗಳನ್ನು ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್ಬಿನಲ್ಲಿ ಆ ಬೇರಿಂಗು ತುದಿಯ ಹತ್ತಿರ ಇರುತ್ತದೆ. 78 ಕೆ.ಜಿ. ತೂಕದ ನಾನು ಕಲ್ಲಿನ ಮೇಲಿಂದ ಇಳಿಸಿದರೆ ಫ್ರೀವೀಲ್ ಆಕ್ಸಲ್ ತಡೆಯುವುದಿಲ್ಲ.

ಅಷ್ಟಕ್ಕೆ ನಿಲ್ಲಿಸಲಿಲ್ಲ. ಅದೇ ಸೈಕಲಿಗೆ ಅಂತ 11 ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಏರ್ ಫೋರ್ಕು ತಂದೆ. ಮನೆಗೆ ಬಂದು ನೋಡಿದರೆ ಅದರ ಸ್ಟೀರರ್ (ಫ್ರೇಮಿನ ಒಳಗೆ ಹೋಗುವ ಮೇಲಿನ ಕೊಳವೆ) ಟೇಪರ್ಡ್, ಅಂದರೆ ಕೆಳಗೆ ದಪ್ಪ. ಬುಡ ಒಂದೂವರೆ ಇಂಚು. ನನ್ನ ಫ್ರೇಮಿನ ಹೆಡ್ ಟ್ಯೂಬು, ಅಂದರೆ ಆ ಕೊಳವೆ ಕೂರುವ ಮುಂದಿನ ಭಾಗ, ಹಳೇ 34 ಮಿ.ಮೀ.ದು. ಯಾವ ಬೇರಿಂಗ್ ಕಪ್ ಹಾಕಿದರೂ ಕೂರುವುದಿಲ್ಲ. ಪೀಣ್ಯದಲ್ಲಿ ಪರಿಚಯದ ಒಂದು ಲೇತ್ ಅಂಗಡಿಗೆ ಹೊತ್ತುಕೊಂಡು ಹೋಗಿ, "ಬುಡ ಸ್ವಲ್ಪ ಕಡೆದುಕೊಡಿ ಅಣ್ಣ" ಅಂದೆ. ಅವರು ಕೈಯಲ್ಲಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಸರ್, ಇದನ್ನ ನಾನು ಮುಟ್ಟಲ್ಲ. ನಾಳೆ ಮುರಿದ್ರೆ ನಿಮ್ಮ ಮುಖ ಹೋಗುತ್ತೆ." ಅವರಿಗೆ ಇವತ್ತಿಗೂ ಋಣಿ. ಫೋರ್ಕನ್ನು 7,500ಕ್ಕೆ ಮಾರಿದೆ. ಸೈಕಲ್ಲನ್ನೂ ಮಾರಿದ ಮೇಲೆ ಲೆಕ್ಕ ಹಾಕಿದರೆ, ಆ ಮೂರು ವರ್ಷದಲ್ಲಿ ಒಟ್ಟು ಸುಮಾರು 20 ಸಾವಿರ ಮಣ್ಣುಪಾಲು.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಗೇರು, ಬ್ರೇಕು, ಫೋರ್ಕು ಯಾವಾಗ ಬೇಕಾದರೂ ಬದಲಾಯಿಸಬಹುದು. ಫ್ರೇಮಿನ ಹೆಡ್ ಟ್ಯೂಬು ಬದಲಾಗುವುದಿಲ್ಲ. ಆದ್ದರಿಂದ ಹೆಡ್ ಟ್ಯೂಬಿಗೆ ಮತ್ತು ಹಿಂದಿನ ಹಬ್ಬಿಗೆ ದುಡ್ಡು ಕೊಡಬೇಕು. ಉಳಿದದ್ದೆಲ್ಲ ಕೆಟ್ಟಿದ್ದರೆ ಒಳ್ಳೆಯದೇ, ಅಷ್ಟು ಚೌಕಾಸಿ ಮಾಡಬಹುದು. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಮಾನು) ಮೇಲಿನ ಹೆಸರು ನೋಡಿ ಸೈಕಲ್ ಕೊಳ್ಳುತ್ತಾರೆ.

ಸೈಕಲ್ ಹುಡುಕಿದ್ದು ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ. 2020ರ ಲಾಕ್‌ಡೌನ್ ಮುಗಿದ ಮೇಲೆ ಊರೆಲ್ಲ ಸೈಕಲ್ ಕೊಂಡಿತು ಅಲ್ವಾ? ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ, ತಿಂಗಳುಗಟ್ಟಲೆ ಕಾಯಬೇಕಿತ್ತು. ಆ ಸೈಕಲ್‌ಗಳು ಎಲ್ಲಿ ಹೋದವು? ಕಾರ್ ಪಾರ್ಕಿಂಗ್ ಕಂಬಕ್ಕೆ ಸರಪಳಿ ಹಾಕಿಸಿಕೊಂಡು, ಗಾಳಿ ಇಳಿದು, ಧೂಳು ಹೊದ್ದು ನಿಂತಿವೆ. ಅದರ ಯಜಮಾನರಿಗೆ ಬಿಲ್ಲಿನ ಮೊತ್ತ ನೆನಪಿರುತ್ತದೆ. ಆದರೆ ಅದಕ್ಕಿಂತ ಜಾಗ ಖಾಲಿಯಾಗುವುದು ಮುಖ್ಯ. ಇವರನ್ನು ಹೇಗೆ ಹುಡುಕುತ್ತೇನೆ ಅನ್ನೋದನ್ನು ಮಾತ್ರ ಪೂರ್ತಿ ಹೇಳುವುದಿಲ್ಲ, ಬಾಮೈದನ ಸೈಕಲ್ ಇನ್ನೂ ಸಿಗಬೇಕಿದೆ. ಮನೆ ಖಾಲಿ ಮಾಡುವವರು ತಿಂಗಳ ಕೊನೆಯ ವಾರ ಸಿಗುತ್ತಾರೆ ಅನ್ನೋದಷ್ಟು ಹೇಳಬಲ್ಲೆ.

ನೋಡೋಕೆ ಹೋಗುವಾಗ ಬ್ಯಾಗಿನಲ್ಲಿ ವರ್ನಿಯರ್, ಅಲೆನ್ ಕೀ ಸೆಟ್, ಟಾರ್ಚು, ಒದ್ದೆ ಬಟ್ಟೆ, ಸ್ಟೀಲ್ ಸ್ಕೇಲು, ಚಿಕ್ಕ ಪಂಪು ಇರುತ್ತವೆ. ಹದಿನೇಳು ಸೈಕಲ್ ನೋಡಿರಬೇಕು. ಸೈಜು ಸರಿ ಇಲ್ಲದ್ದನ್ನು ಅಗ್ಗ ಅಂತ ತಗೊಳ್ಳಲು ಎರಡು ಸಲ ಮನಸ್ಸಾಯಿತು, ತಡೆದುಕೊಂಡೆ. ಒಂದು ಸಲ ಮಾತ್ರ ಎಡವಿದೆ. ಒಳ್ಳೆ ಫ್ರೇಮು, ಬರೀ 3 ಸಾವಿರ ಅಂತ ಕಣ್ಣುಮುಚ್ಚಿ ತಂದೆ. ಸೀಟ್ ಪೋಸ್ಟ್ ಫ್ರೇಮಿನ ಒಳಗೆ ಕಚ್ಚಿಕೊಂಡಿತ್ತು. ವರ್ಷಗಟ್ಟಲೆ ಬೆವರು, ಮಳೆನೀರು ಇಳಿದು ಅಲ್ಯುಮಿನಿಯಂ ಅಲ್ಯುಮಿನಿಯಮ್ಮಿಗೆ ಅಂಟಿತ್ತು. ಎಣ್ಣೆ ಬಿಟ್ಟೆ, ಬಿಸಿನೀರು ಸುರಿದೆ, ಐಸ್ ಇಟ್ಟೆ, ಬೆಂಚ್ ವೈಸಿಗೆ ಕಚ್ಚಿಸಿ ಫ್ರೇಮನ್ನೇ ತಿರುಗಿಸಿದೆ. ಹದಿನೈದು ದಿನ ಒದ್ದಾಡಿ ಬಿಟ್ಟೆ. ಈಗ ದುಡ್ಡು ಕೊಡುವ ಮೊದಲು ಸೀಟ್ ಪೋಸ್ಟ್ ಹೊರಗೆ ಎಳೆದು ನೋಡದೆ ಮುಂದಿನ ಮಾತೇ ಆಡುವುದಿಲ್ಲ.

ಕೊನೆಗೆ ಸಿಕ್ಕಿದ್ದು ಬನಶಂಕರಿ ಮೂರನೇ ಹಂತದಲ್ಲಿ. 2019ರ ಮಾಡೆಲ್, ಆಗಿನ ಬಿಲ್ಲು 46 ಸಾವಿರ. ಯಜಮಾನರು ಹೊರದೇಶಕ್ಕೆ ಹೋಗಿ ಎರಡು ವರ್ಷವಾಗಿತ್ತು, ಅವರ ಹೆಂಡತಿ ತೋರಿಸಿದರು. ಹೆಡ್ ಟ್ಯೂಬಿನ ಬಾಯಿ ಮೇಲೆ 44, ಕೆಳಗೆ 56 ಮಿ.ಮೀ.ದು, ಅಂದರೆ ಟೇಪರ್ಡ್. ಹಿಂದಿನ ಚಕ್ರದ ಗೇರುಗಳನ್ನು ಉಲ್ಟಾ ತಿರುಗಿಸಿದೆ. ಟೂಲ್ ಕೂರುವ ಹಲ್ಲುಗಳೂ ಗೇರಿನ ಜೊತೆ ತಿರುಗಿದವು, ಕ್ಯಾಸೆಟ್ಟೇ. ಕ್ರ್ಯಾಂಕಿನ (ಪೆಡಲ್ ಹಿಡಿಯುವ ತೋಳು) ರಿಂಗುಗಳು, ಅಂದರೆ ಮುಂದಿನ ಹಲ್ಲುಚಕ್ರಗಳು, ಬೋಲ್ಟಿನವು, ರಿವೆಟ್ ಹೊಡೆದವಲ್ಲ. ಬಿಬಿ ಶೆಲ್ಲು (ಕ್ರ್ಯಾಂಕಿನ ಅಚ್ಚು ಕೂರುವ ಕೊಳವೆ) ಮಾಮೂಲಿ ತ್ರೆಡ್ಡಿನದು. ಒದ್ದೆ ಬಟ್ಟೆಯಲ್ಲಿ ಹೆಡ್ ಟ್ಯೂಬಿನ ಹಿಂದೆ, ಬಿಬಿ ಸುತ್ತ, ಚೈನ್‌ಸ್ಟೇ ಅನ್ನುವ ಹಿಂದಿನ ಕೆಳಗಿನ ಕೊಳವೆಗಳ ಬೆಸುಗೆಗಳನ್ನು ಒರೆಸಿ ಟಾರ್ಚ್ ಬಿಟ್ಟೆ. ಬಿರುಕಿಲ್ಲ. ಚೈನಿನ ಮೇಲೆ ಸ್ಕೇಲಿಟ್ಟೆ. ಹನ್ನೆರಡು ಪೂರ್ತಿ ಲಿಂಕು ಸರಿಯಾಗಿ 12 ಇಂಚು ಇರಬೇಕು. ಇಲ್ಲಿ ಎಂಟನೇ ಒಂದು ಇಂಚು ಜಾಸ್ತಿ, ಅಂದರೆ ಚೈನು ಮುಗಿದಿದೆ, ಅದರ ಜೊತೆ ಗೇರಿನ ಹಲ್ಲೂ ಹೋಗಿದೆ. ಬ್ರೇಕ್ ಲಿವರ್ ಹಿಡಿಗೆ ತಾಕುತ್ತಿತ್ತು. ಫೋರ್ಕು ತುಕ್ಕು ಹಿಡಿದು ಗಟ್ಟಿಯಾಗಿತ್ತು. ಅವರು 20 ಸಾವಿರ ಕೇಳಿದ್ದರು. ಎಲ್ಲವನ್ನೂ ಕೈಯಲ್ಲೇ ಮುಟ್ಟಿಸಿ ತೋರಿಸಿದೆ. "ಇಷ್ಟೊಂದು ಹಾಳಾಗಿದೆ ಅಂತ ನಮಗೆ ಗೊತ್ತೇ ಇರಲಿಲ್ಲ ಸರ್" ಅಂದರು. 14ಕ್ಕೆ ಒಪ್ಪಿದರು. ಸುಳ್ಳು ಹೇಳಿ ಬೆಲೆ ಇಳಿಸುವ ಕೆಲಸ ನಾನು ಮಾಡುವುದಿಲ್ಲ, ಅದರ ಅಗತ್ಯವೂ ಬೀಳುವುದಿಲ್ಲ. ಬೇಸ್‌ಮೆಂಟ್ ಸೈಕಲಿನಲ್ಲಿ ತೋರಿಸೋಕೆ ನಿಜವಾದ ದೋಷಗಳೇ ಬೇಕಾದಷ್ಟು ಇರುತ್ತವೆ.

ಮನೆಗೆ ತಂದ ಮೇಲೆ ಮೊದಲ ಮೂರು ತಿಂಗಳು ಫೋರ್ಕು, ಗೇರು ಏನೂ ಮುಟ್ಟಲಿಲ್ಲ. ಗುಂಪಿನವರಿಗೆ ಅರ್ಥವಾಗದೇ ಇದ್ದದ್ದು ಇದೇ. "ಫೋರ್ಕ್ ಹಾಕದೆ ಟಯರಿಗೆ ಯಾಕೆ ದುಡ್ಡು?" ಅಂದರು. ನಾನು ಹಾಕಿದ್ದು ಎರಡು 2.25ರ ಒಳ್ಳೆ ಟಯರು, 4,600. ಬಿಬಿ, ಕೇಬಲ್ಲು, ಗ್ರೀಸು, ಬೇರಿಂಗಿನ ಗುಂಡು ಎಲ್ಲ ಸೇರಿ 2,800. ಬ್ರೇಕಿಗೆ ತಾತ್ಕಾಲಿಕವಾಗಿ ಎಣ್ಣೆ ಬದಲಾಯಿಸಿಕೊಂಡೆ. ಹಳೇ ಗಟ್ಟಿ ರಬ್ಬರಿನ ಟಯರು ಬಿಚ್ಚಿ ಹೊಸದು ಹಾಕಿದ ಮೊದಲ ದಿನವೇ, ತುರಹಳ್ಳಿ ಕಡೆಯ ಸಡಿಲ ಜಲ್ಲಿಯ ತಿರುವಿನಲ್ಲಿ ಮುಂದಿನ ಚಕ್ರ ಜಾರುವುದು ನಿಂತುಹೋಯಿತು. ಒಂದು ರೂಪಾಯಿಗೆ ಇಷ್ಟು ವ್ಯತ್ಯಾಸ ಕೊಡುವ ಬೇರೆ ಯಾವ ಸಾಮಾನೂ ಸೈಕಲಿನಲ್ಲಿ ಇಲ್ಲ. ಮೂರು ತಿಂಗಳು ಓಡಿಸಿದ್ದರಿಂದ ಇನ್ನೊಂದು ಲಾಭ. ಫ್ರೇಮು ನನಗೆ ಹೊಂದುತ್ತದೆ ಅನ್ನೋದು ದೊಡ್ಡ ದುಡ್ಡು ಹಾಕುವ ಮೊದಲೇ ಖಾತ್ರಿಯಾಯಿತು. ಹೊಂದದಿದ್ದರೆ ಟಯರು ಬಿಚ್ಚಿಕೊಂಡು ಸೈಕಲ್ ಮಾರಬಹುದಿತ್ತು.

ಗುಂಡಿನ ವಿಷಯ ಬಂತು, ಹೇಳಿಬಿಡುತ್ತೇನೆ. ನನ್ನದರಂಥ ಶಿಮಾನೋ ಹಬ್ಬುಗಳಲ್ಲಿ ಬಿಡಿ ಗುಂಡು. ಹಿಂದೆ ಕಾಲು ಇಂಚಿನವು ಒಂದೊಂದು ಕಡೆ ಒಂಬತ್ತು, ಮುಂದೆ ಹದಿನಾರನೇ ಮೂರು ಇಂಚಿನವು ಹತ್ತು ಹತ್ತು. ಇದಕ್ಕೆ ಸೈಕಲ್ ಅಂಗಡಿಗೆ ಹೋಗಬೇಡಿ, ಎಸ್‌ಜೆಪಿ ರೋಡಿನ ಬೇರಿಂಗ್ ಅಂಗಡಿಗೆ ಹೋಗಿ. ನೂರು ರೂಪಾಯಿ ಪೊಟ್ಟಣ ನನಗೆ ಎರಡು ಸರ್ವೀಸಿಗೆ ಬಂತು. ಕಾರ್ಟ್ರಿಜ್ ಬೇರಿಂಗಿನ ಹಬ್ಬಿದ್ದರೆ ಸೀಲಿನ ಮೇಲೆ 6902 ಅಂತಲೋ 6001 ಅಂತಲೋ ನಂಬರ್ ಅಚ್ಚಾಗಿರುತ್ತದೆ. ಅದೇ ನಂಬರ್ ಹೇಳಿ ಕೇಳಿ. ಅದು ಸೈಕಲಿಗಷ್ಟೇ ಅಲ್ಲ, ಬೇರೆ ಯಂತ್ರಗಳಿಗೂ ಹಾಕುವ ಬೇರಿಂಗು. ಸೈಕಲ್ ಅಂಗಡಿಯ ಬೆಲೆಯ ಮೂರನೇ ಒಂದು ಭಾಗಕ್ಕೆ ಸಿಗುತ್ತದೆ, ಕಂಪನಿಯದ್ದೇ. ಕೋನ್ (ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು) ಬಿಗಿ ಮಾಡುವಾಗ ನೆನಪಿಡಿ, ಕ್ವಿಕ್ ರಿಲೀಸ್ (ಚಕ್ರ ಬಿಗಿಯುವ ಲಿವರಿನ ಕಡ್ಡಿ) ಹಾಕಿದ ಮೇಲೆ ಇನ್ನೊಂದಿಷ್ಟು ಬಿಗಿಯಾಗುತ್ತದೆ, ಅದಕ್ಕೆ ಒಂದು ಕೂದಲಷ್ಟು ಸಡಿಲ ಬಿಡಿ.

ನಾಲ್ಕನೇ ತಿಂಗಳು ಗೇರಿಗೆ ಕೈ ಹಾಕಿದೆ. ಹಳೆಯದು ಮುಂದೆ ಮೂರು ರಿಂಗು ಹಿಂದೆ ಒಂಬತ್ತು, ಕಡಿಮೆ ಗೇರು ಮುಂದೆ 22 ಹಲ್ಲು ಹಿಂದೆ 34. ಭಾಗಿಸಿದರೆ 0.65. ಈ ಅಂಕಿ ಚಿಕ್ಕದಾದಷ್ಟೂ ಏರು ಹತ್ತುವುದು ಹಗುರ. ಒಂದೇ ರಿಂಗಿಗೆ ಹೋಗಬೇಡಿ, ಏರು ಹತ್ತೋಕಾಗಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಶಿಮಾನೋದ ಡಿಯೋರ್ 10 ಸ್ಪೀಡ್, 11ರಿಂದ 46 ಹಲ್ಲಿನ ಕ್ಯಾಸೆಟ್ಟು (ಹಿಂದಿನ ಗೇರುಗಳ ಕಟ್ಟು) ಹಾಕಿದೆ. ಅದು ಹಳೇ ಎಚ್‌ಜಿ ಮಾದರಿಯ ಫ್ರೀಹಬ್ಬಿನ (ಹಬ್ಬಿನಲ್ಲಿ ಕ್ಯಾಸೆಟ್ಟು ಕೂರುವ ಭಾಗ) ಮೇಲೇ ಕೂರುತ್ತದೆ, ಚಕ್ರ ಬದಲಾಯಿಸಬೇಕಿಲ್ಲ. 12 ಸ್ಪೀಡಿನ ಡಿಯೋರ್‌ಗೆ ಹೋಗಿದ್ದರೆ ಮೈಕ್ರೋ ಸ್ಪ್ಲೈನ್ ಅನ್ನುವ ಬೇರೆ ಮಾದರಿಯ ಹಬ್ಬು ಬೇಕಿತ್ತು, ಅಲ್ಲಿಗೆ ಇನ್ನೊಂದು ಚಕ್ರದ ಖರ್ಚು. ಮುಂದೆ 32 ಹಲ್ಲಿನ ನ್ಯಾರೋ ವೈಡ್ ರಿಂಗು (ಚೈನು ಜಾರದಂತೆ ಒಂದು ಹಲ್ಲು ತೆಳು, ಒಂದು ದಪ್ಪ ಇರುವುದು) ಹಾಕಿದೆ. 32ಕ್ಕೆ 46 ಅಂದರೆ 0.70. ಹಾಳೆಯ ಮೇಲೆ ಚಿಕ್ಕ ವ್ಯತ್ಯಾಸ. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ ಮೊಣಕಾಲು ಅದನ್ನು ಸರಿಯಾಗಿ ಲೆಕ್ಕ ಹಾಕಿ ಹೇಳಿತು. ನನ್ನ ಕ್ರ್ಯಾಂಕಿನ ಬೋಲ್ಟುಗಳು ಕೂರುವ ವೃತ್ತದ ವ್ಯಾಸ 104 ಮಿ.ಮೀ. ಅದಕ್ಕೆ ಸಾಮಾನ್ಯವಾಗಿ 32 ಹಲ್ಲಿಗಿಂತ ಚಿಕ್ಕದು ಕೂರುವುದಿಲ್ಲ. ರಿಂಗಿನಲ್ಲೇ ತ್ರೆಡ್ ಇರುವ 30ರ ವಿಶೇಷ ಮಾದರಿ ಹುಡುಕಿ ತರಿಸಿದೆ, 1,700. ಈಗ 30ಕ್ಕೆ 46, ಅಂದರೆ ಮತ್ತೆ 0.65. ಹಳೇ ಮೂರು ರಿಂಗಿನ ಕಡಿಮೆ ಗೇರು ಪೂರ್ತಿ ವಾಪಸ್ ಬಂತು. ಕಳೆದುಕೊಂಡದ್ದು ಇಳಿಜಾರಿನ ಮೇಲಿನ ವೇಗ ಮಾತ್ರ. ಡಾಂಬರು ರಸ್ತೆಯಲ್ಲಿ 40ರ ಮೇಲೆ ಹೋಗಬೇಕು ಅನ್ನುವವರಿಗೆ ಇದು ಬೇಡ.

ಇಲ್ಲಿ 900 ರೂಪಾಯಿ ಉಳಿಸಲು ಹೋಗಿ ಮೂರು ಸಂಜೆ ಹಾಳು ಮಾಡಿಕೊಂಡೆ. ಡಿರೇಲರ್ ಹೊಸ ಡಿಯೋರ್ ಎಂ5120 ತಗೊಂಡಿದ್ದೆ, ಸುಮಾರು 4,200. ಶಿಫ್ಟರ್ (ಹ್ಯಾಂಡಲಿನ ಮೇಲಿನ ಗೇರು ಬದಲಿಸುವ ಲಿವರು) ಮಾತ್ರ ಹಳೇ ಡಿಯೋರ್ 10 ಸ್ಪೀಡಿನದು, ಸೆಕೆಂಡ್ ಹ್ಯಾಂಡ್ 900ಕ್ಕೆ ಸಿಕ್ಕಿತು. ಎರಡೂ ಡಿಯೋರ್, ಎರಡೂ 10, ಇನ್ನೇನು ಬೇಕು ಅಂದುಕೊಂಡೆ. ಮೇಲಿನ ನಾಲ್ಕು ಗೇರು ಸರಿ ಬಂದರೆ ಕೆಳಗಿನವು ಟಕಟಕ ಅನ್ನುತ್ತಿದ್ದವು. ಕೆಳಗೆ ಸರಿ ಮಾಡಿದರೆ ಮೇಲೆ ಬೀಳುತ್ತಿರಲಿಲ್ಲ. ಕೇಬಲ್ ಬದಲಾಯಿಸಿದೆ, ಅದರ ಹೊರಕವಚ ಬದಲಾಯಿಸಿದೆ, ಹ್ಯಾಂಗರ್ (ಫ್ರೇಮಿನಲ್ಲಿ ಡಿರೇಲರ್ ನೇತುಹಾಕುವ ತುಂಡು) ನೋಡಿದೆ. ಆಮೇಲೆ ಗೊತ್ತಾಯಿತು. ಎಂ5120 ಕೆಲಸ ಮಾಡುವುದು 11 ಸ್ಪೀಡಿನ ಕೇಬಲ್ ಎಳೆತದ ಲೆಕ್ಕದಲ್ಲಿ. ಹಳೇ 10 ಸ್ಪೀಡ್ ಶಿಫ್ಟರು ಒಂದೊಂದು ಕ್ಲಿಕ್ಕಿಗೆ ಎಳೆಯುವ ಉದ್ದವೇ ಬೇರೆ. ಎಂ4100 ಶಿಫ್ಟರ್ 1,800 ಕೊಟ್ಟು ತಂದು ಹಾಕಿದೆ, ಹದಿನೈದು ನಿಮಿಷದಲ್ಲಿ ಹತ್ತೂ ಗೇರು ಬೆಣ್ಣೆಯಂತೆ ಬಿದ್ದವು. ಹೀಗಾಗಿ ಶಿಫ್ಟರ್, ಡಿರೇಲರ್ ಒಂದೇ ಕೇಬಲ್ ಎಳೆತದ ಲೆಕ್ಕದವೇ ಇರಲಿ. ಕ್ಯಾಸೆಟ್ಟು, ಚೈನು ಬೇರೆ ಕಂಪನಿಯದಾದರೂ ನಡೆಯುತ್ತದೆ.

ಹ್ಯಾಂಗರ್ ನೋಡಿದೆ ಅಂದೆನಲ್ಲ, ಅದನ್ನು ಹೇಗೆ ಅಂತ ಹೇಳದೆ ಮುಂದೆ ಹೋಗಲಾರೆ. ಬೇಸ್‌ಮೆಂಟ್ ಸೈಕಲ್ ಒಂದಲ್ಲ ಒಂದು ಸಲ ಬಲಗಡೆ ಬಿದ್ದಿರುತ್ತದೆ, ಹ್ಯಾಂಗರ್ ಬಾಗಿರುತ್ತದೆ. ಅಳೆಯುವ ಉಪಕರಣಕ್ಕೆ ಸಾವಿರಾರು ರೂಪಾಯಿ. ನಾನು ಇನ್ನೊಂದು ಸೈಕಲಿನ ಹಿಂದಿನ ಚಕ್ರ ಬಳಸುತ್ತೇನೆ. ಕ್ವಿಕ್ ರಿಲೀಸ್ ಕಡ್ಡಿ ಹೊರಗೆ ತೆಗೆದರೆ ಟೊಳ್ಳು ಆಕ್ಸಲ್ಲಿನ ತುದಿ ಕಾಣುತ್ತದೆ. ಅದರ ತ್ರೆಡ್ಡೂ 10 ಮಿ.ಮೀ., ಹ್ಯಾಂಗರಿನ ತೂತಿನ ತ್ರೆಡ್ಡೂ ಅದೇ. ಡಿರೇಲರ್ ಬಿಚ್ಚಿ, ಚಕ್ರವನ್ನೇ ಹ್ಯಾಂಗರಿಗೆ ತಿರುಗಿಸಿ ಹಾಕಿ. ಈಗ ಎರಡು ಚಕ್ರ ಅಕ್ಕಪಕ್ಕ ನಿಂತಿರುತ್ತವೆ. ಎರಡು ರಿಮ್ಮಿನ ನಡುವಿನ ಅಂತರ ಮೇಲೆ, ಕೆಳಗೆ, ಹಿಂದೆ ಅಳೆಯಿರಿ. ನನ್ನದರಲ್ಲಿ ಕೆಳಗೆ 14 ಮಿ.ಮೀ. ಕಡಿಮೆ ಇತ್ತು. ಚಕ್ರವನ್ನೇ ಹಿಡಿದು ಮೆಲ್ಲಗೆ ಎಳೆದು 2 ಮಿ.ಮೀ.ಗೆ ತಂದೆ. ತ್ರೆಡ್ ಹತ್ತುವಾಗ ಕೈಯಲ್ಲೇ ಹತ್ತಬೇಕು, ಪಾನಾ ಹಾಕಿ ಬಲವಂತ ಮಾಡಿದರೆ ಹ್ಯಾಂಗರ್ ಹೋಗುತ್ತದೆ. ಇದನ್ನು ನೋಡಿದ ಮೇಲೆ ಬಾಮೈದ ಗುಜರಿ ಅನ್ನೋ ಮಾತು ನಿಲ್ಲಿಸಿದ.

ಬ್ರೇಕಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಹಳೇ ಹೈಡ್ರಾಲಿಕ್ಕಿನ ಸೀಲು ಹೋಗಿತ್ತು, ಅದರ ಬಿಡಿಭಾಗ ಸಿಗಲಿಲ್ಲ. ಶಿಮಾನೋ ಎಂಟಿ200 ಜೋಡಿ 4,800ಕ್ಕೆ ಹಾಕಿದೆ, ಹಳೇ 160 ಮಿ.ಮೀ. ರೋಟರುಗಳೇ (ಬ್ರೇಕು ಹಿಡಿಯುವ ತಟ್ಟೆಗಳು) ನಡೆದವು. ನನ್ನ ತೂಕಕ್ಕೆ, ನಮ್ಮ ಸುತ್ತಲಿನ ಇಳಿಜಾರಿಗೆ ಇದಕ್ಕಿಂತ ದುಬಾರಿ ಬ್ರೇಕು ಬೇಕಿಲ್ಲ. ಒಂದು ತಪ್ಪು ಮಾಡಿದೆ. ಚೈನಿಗೆ ಸ್ಪ್ರೇ ಎಣ್ಣೆ ಹೊಡೆದಾಗ ಹನಿ ರೋಟರಿಗೆ ಹಾರಿತು. ಮರುದಿನ ಬ್ರೇಕ್ ಹಿಡಿದರೆ ಬೀದಿಯೆಲ್ಲ ಕಿರುಚಾಟ, ನಿಲ್ಲುವುದು ಮಾತ್ರ ಇಲ್ಲ. ಪ್ಯಾಡನ್ನು ಗ್ಯಾಸ್ ಒಲೆಯ ಮೇಲೆ ಸುಟ್ಟರೆ ಎಣ್ಣೆ ಹೋಗುತ್ತದೆ ಅಂತ ಕೇಳಿದ್ದೆ. ರೆಸಿನ್ ಪ್ಯಾಡು ಸುಟ್ಟ ವಾಸನೆ ಮೂರು ದಿನ ಅಡುಗೆಮನೆಯಲ್ಲಿ ಉಳಿಯಿತು. ನಮ್ಮನೆಯವರು ಅಂದಿನಿಂದ ಸೈಕಲಿನ ಯಾವ ಸಾಮಾನನ್ನೂ ಒಳಗೆ ಬಿಟ್ಟಿಲ್ಲ. ಪ್ಯಾಡಿನಿಂದ ಎಣ್ಣೆ ಹೋಗಲಿಲ್ಲ. 700 ಕೊಟ್ಟು ಹೊಸ ಪ್ಯಾಡು ಹಾಕಿದೆ, ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ, ಸರಿಹೋಯಿತು.

ಆ ಸ್ಪ್ರೇ ಕಂಡರೆ ಆಗದೆ ಚೈನಿಗೆ ಎಣ್ಣೆ ಬದಲು ಮೇಣಕ್ಕೆ ಬಂದೆ. ಇದು ಪಕ್ಕದ ಪ್ರಯೋಗ, ಆದರೆ ಬಹಳ ಖುಷಿ ಕೊಟ್ಟಿದ್ದು. ಪೇಟೆಯಲ್ಲಿ ಪ್ಯಾರಫಿನ್ ಮೇಣದ ಗಟ್ಟಿ ತಂದು, ನೀರಿನ ಪಾತ್ರೆಯ ಒಳಗೆ ಇನ್ನೊಂದು ಡಬ್ಬಿ ಇಟ್ಟು ಕರಗಿಸಿದೆ, ಟೆರೇಸಿನ ಮೇಲೆ ಇಂಡಕ್ಷನ್ ಒಲೆಯಲ್ಲಿ. ಚೈನನ್ನು ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಆಲ್ಕೋಹಾಲಿನಲ್ಲಿ ತೊಳೆದು ಕಂಪನಿಯ ಗ್ರೀಸೆಲ್ಲ ತೆಗೆಯಬೇಕು. ಇಲ್ಲದಿದ್ದರೆ ಮೇಣ ಹಿಡಿಯುವುದೇ ಇಲ್ಲ. ಕರಗಿದ ಮೇಣದಲ್ಲಿ ಮುಳುಗಿಸಿದಾಗ ಲಿಂಕುಗಳ ಒಳಗಿನಿಂದ ಗುಳ್ಳೆ ಏಳುತ್ತವೆ. ಗುಳ್ಳೆ ನಿಲ್ಲುವ ತನಕ ಬಿಡಿ. ನಮ್ಮ ಕೆಂಪು ಧೂಳಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಬೆರಳಿಟ್ಟು ಎಳೆದರೂ ಕೈ ಕಪ್ಪಾಗುವುದಿಲ್ಲ. ಒಣ ದಿನಗಳಲ್ಲಿ ಸುಮಾರು 250 ಕಿ.ಮೀ. ಬರುತ್ತದೆ. ಜೋರು ಮಳೆಯಲ್ಲಿ ಒಂದೇ ದಿನಕ್ಕೆ ಕಿರುಗುಟ್ಟಲು ಶುರು. ಜೂನ್‌ನಿಂದ ಅಕ್ಟೋಬರ್ ತನಕ ಎಣ್ಣೆಗೇ ವಾಪಸ್ ಹೋಗುತ್ತೇನೆ. ಮೇಣಕ್ಕೆ ಒಂದು ಚಿಟಿಕೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಟ್ಯೂಬ್‌ಲೆಸ್ ಮೊದಲ ಸಲ ಕೆಟ್ಟಿತು. ಪಾರ್ಸೆಲ್ ಕಟ್ಟುವ ನೂಲಿನ ಟೇಪು ಸುತ್ತಿದ್ದೆ, ಬೆಳಗ್ಗೆ ಎದ್ದು ನೋಡಿದರೆ ಕಡ್ಡಿ ತೂತುಗಳಿಂದ ಬಿಳಿ ಸೀಲೆಂಟ್ ನೆಲದ ಮೇಲೆ. ಸರಿಯಾದ ಟೇಪು, ವಾಲ್ವು, ಸೀಲೆಂಟು ಸೇರಿ 1,900 ಆಯಿತು. ಟಯರು ರಿಮ್ಮಿಗೆ ಕೂರಲು ಕೈಪಂಪು ಸಾಲಲಿಲ್ಲ. ಅಂಚಿಗೆ ಸೋಪಿನ ನೀರು ಹಚ್ಚಿ, ವಾಲ್ವಿನ ಒಳಗಿನ ಕೋರ್ ತೆಗೆದು, ಉತ್ತರಹಳ್ಳಿಯ ಪಂಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಿಟ್ಟೆವು. ಟಪ್ ಟಪ್ ಅಂತ ಎರಡು ಸದ್ದು, ಕೂತಿತು. ಇಪ್ಪತ್ತು ರೂಪಾಯಿ. ಈಗ ಮುಂದೆ 22, ಹಿಂದೆ 25 ಪಿಎಸ್‌ಐ. ಜಾಲಿ ಮುಳ್ಳು ಎಷ್ಟು ಚುಚ್ಚಿವೆಯೋ ಲೆಕ್ಕ ಇಟ್ಟಿಲ್ಲ, ರಸ್ತೆಯಲ್ಲಿ ಕೂತು ಪಂಚರ್ ಹಾಕಿದ್ದು ಒಂದೇ ಸಲ.

ಫೋರ್ಕು ಕೊನೆಗೆ. ಅದಕ್ಕೇ ಅತಿ ಹೆಚ್ಚು ಕಾದೆ, ಎಂಟು ತಿಂಗಳು. ಹೊಸ ಸೈಕಲ್ ಕೊಂಡವರು ಮೊದಲ ವಾರವೇ ಅದರ ಫೋರ್ಕು ತೆಗೆಸಿ ದುಬಾರಿಯದು ಹಾಕಿಸುವುದುಂಟು. ಹಾಗೆ ಇಳಿಸಿದ ಏರ್ ಫೋರ್ಕು ಹೊಸದರಂತೆಯೇ ಇರುತ್ತದೆ, ಬೆಲೆ ಅರ್ಧ. ನನಗೆ ಬೇಕಿದ್ದದ್ದು ಟೇಪರ್ಡ್, 100 ಮಿ.ಮೀ. ಕುಸಿಯುವ, 9 ಮಿ.ಮೀ. ಕ್ವಿಕ್ ರಿಲೀಸಿನದು. ಈಗಿನವು ಹೆಚ್ಚಾಗಿ 15 ಮಿ.ಮೀ. ಥ್ರೂ ಆಕ್ಸಲ್ಲು (ಫೋರ್ಕಿನ ಎರಡೂ ಕಾಲಿಗೆ ತೂರುವ ದಪ್ಪ ಅಚ್ಚು), 110 ಮಿ.ಮೀ. ಅಗಲ. ಅದಕ್ಕೆ ಮುಂದಿನ ಚಕ್ರವೂ ಬದಲಾಗಬೇಕು. 120 ಮಿ.ಮೀ. ಒಂದು ಅಗ್ಗಕ್ಕೆ ಸಿಕ್ಕಿತ್ತು, ಬಿಟ್ಟೆ. 100ಕ್ಕೆ ಮಾಡಿದ ಫ್ರೇಮು ಮೂಗೆತ್ತಿ ನಿಲ್ಲುವುದು ನನಗೆ ಬೇಡ. ಇನ್ನೊಂದರಲ್ಲಿ ಸ್ಟೀರರ್ ಕತ್ತರಿಸಿಬಿಟ್ಟಿದ್ದರು. ಹೆಡ್ ಟ್ಯೂಬು, ಹೆಡ್‌ಸೆಟ್ಟು (ಅದರ ಬೇರಿಂಗು), ಸ್ಟೆಮ್ಮು (ಹ್ಯಾಂಡಲ್ ಹಿಡಿಯುವ ತುಂಡು) ಎಲ್ಲ ಸೇರಿಸಿ ನನಗೆ ಕಡಿಮೆ ಅಂದರೂ 178 ಮಿ.ಮೀ. ಬೇಕಿತ್ತು, ಅದು 160. ಮಾರುವವರಿಗೆ ಸ್ಕೇಲ್ ಪಕ್ಕ ಇಟ್ಟು ಫೋಟೋ ಕಳಿಸಿ ಅಂತ ಮೊದಲೇ ಕೇಳಿ. ಕೊನೆಗೆ 13 ಸಾವಿರಕ್ಕೆ ಸರಿಯಾದದ್ದು ಸಿಕ್ಕಿತು. ಸ್ಯಾಗ್ (ಕೂತಾಗ ನಮ್ಮ ತೂಕಕ್ಕೆ ಫೋರ್ಕು ಎಷ್ಟು ಕುಸಿಯುತ್ತದೆ ಅನ್ನೋದು) ನೋಡಲು ಅದರ ಕಾಲಿನಲ್ಲಿ ಓ-ರಿಂಗ್ ಇರಲಿಲ್ಲ. ಒಂದು ಚಿಕ್ಕ ಜಿಪ್ ಟೈ ಕಟ್ಟಿ ಕೆಳಗೆ ಇಳಿಸಿ, ಮೆಲ್ಲಗೆ ಹತ್ತಿ ಕೂತು, ಮೆಲ್ಲಗೆ ಇಳಿದೆ. 31 ಮಿ.ಮೀ. ಮೇಲೆ ಹೋಗಿತ್ತು. ಗಾಳಿ ಸೇರಿಸಿ 22ಕ್ಕೆ ನಿಲ್ಲಿಸಿದೆ. ಅವತ್ತು ಸಂಜೆ ಕಗ್ಗಲೀಪುರದ ಆಚೆ ಮಣ್ಣುಹಾದಿಯಲ್ಲಿ ಇಳಿದಾಗ, ಐದು ವರ್ಷದಿಂದ ಕಾಯುತ್ತಿದ್ದದ್ದು ಇದನ್ನೇ ಅನ್ನಿಸಿತು. ಕಲ್ಲು ಬರುತ್ತಿದ್ದವು, ಕೈಗೆ ಬರುತ್ತಿರಲಿಲ್ಲ.

ಲೆಕ್ಕ ಹೀಗೆ. ಸೈಕಲ್ 14, ಟಯರು ಮತ್ತು ಟ್ಯೂಬ್‌ಲೆಸ್ 6,500, ಬೇರಿಂಗು ಕೇಬಲ್ಲು 2,800. ತಪ್ಪಿ ಕೊಂಡ ಶಿಫ್ಟರು, ಎರಡು ರಿಂಗು ಎಲ್ಲ ಸೇರಿ ಗೇರಿಗೆ ಸುಮಾರು 15 ಸಾವಿರ. ಬ್ರೇಕು 5,500, ಫೋರ್ಕು 13. ಒಟ್ಟು 57ರ ಹತ್ತಿರ. ಇಳಿಸಿದ ಸಾಮಾನು ಒರೆಸಿ, ಒಳ್ಳೆ ಫೋಟೋ ತೆಗೆದು ಮಾರಿದ್ದರಿಂದ 4 ಸಾವಿರ ವಾಪಸ್ ಬಂತು. ಶಾಕ್ ಪಂಪು, ಕ್ಯಾಸೆಟ್ ಟೂಲು ಇತ್ಯಾದಿಗೆ 4,500 ಆಯಿತು, ಅದನ್ನು ಸೈಕಲಿನ ಲೆಕ್ಕಕ್ಕೆ ಹಿಡಿದಿಲ್ಲ. ಮುಂದಿನ ಸೈಕಲಿಗೂ ಅವೇ ಬೇಕಲ್ಲ. ಲಗೇಜ್ ತಕ್ಕಡಿಗೆ ತೂಗು ಹಾಕಿದರೆ ತಂದಾಗ 14.8 ಕೆ.ಜಿ. ಇದ್ದದ್ದು ಈಗ 13.3.

ಒಂದು ಮಾತು ಹೊಸದು ಕೊಳ್ಳುವವರಿಗೆ. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ 12ರಿಂದ 5ಕ್ಕೆ ಇಳಿಯಿತು. ನಾನು ವಿಚಾರಿಸಿದ 85-90 ಸಾವಿರ ಅದಕ್ಕೂ ಹಿಂದಿನದು, ಹಾಗಾಗಿ ಈಗ ಅಂತರ ಸ್ವಲ್ಪ ಕಡಿಮೆಯಾಗಿರಬೇಕು. ಪಾನಾ ಹಿಡಿಯೋಕೆ ಇಷ್ಟವಿಲ್ಲದವರು, ಎಲ್ಲ ಕೆಲಸಕ್ಕೂ ಕೂಲಿ ಕೊಡಬೇಕಾದವರು ಹೊಸದೇ ತಗೊಳ್ಳಿ. ಕೂಲಿ ಸೇರಿಸಿದರೆ ನನ್ನ ಲೆಕ್ಕ ನಿಲ್ಲುವುದಿಲ್ಲ. ಅಲ್ಲೂ ಹೆಡ್ ಟ್ಯೂಬು, ಹಬ್ಬು ನೋಡಿಯೇ ದುಡ್ಡು ಕೊಡಿ.

ಬಾಮೈದನಿಗೆ ಜೆ.ಪಿ. ನಗರದಲ್ಲಿ ಒಂದು ಸೈಕಲ್ ಕಂಡಿದ್ದೇನೆ. ಹೆಡ್ ಟ್ಯೂಬು ಮೇಲೂ ಕೆಳಗೂ 44. ಕೆಳಗೆ ಹೊರಗಿನ ಕಪ್ ಹಾಕಿದರೆ ಟೇಪರ್ಡ್ ಫೋರ್ಕು ಕೂರುತ್ತದೆ. ಸೀಟ್ ಪೋಸ್ಟ್ ಅಲ್ಲಾಡುತ್ತದೋ ಇಲ್ಲವೋ ಈ ಶನಿವಾರ ಗೊತ್ತಾಗುತ್ತದೆ. ಅವರು 18 ಹೇಳಿದ್ದಾರೆ.